ಮಾನಪ್ಪ ಕಾಕಾನ ಗಾಜಿನ ಚೂರು

ಮಾನಪ್ಪ ಕಾಕಾನ ಹೆಬ್ಬೆರಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಕಂಪನಿ ಬಸ್ಸಿನಲ್ಲಿ ನಿಂತರೆ ಕಂಬಿಯ ಮೇಲೆ, ನಮ್ಮಲ್ಲಿ ಚಹಾಕ್ಕೆ ಕೂತರೆ ಲಟ್ಟಣಿಗೆಯ ಮೇಲೆ ಅದು ಸವರಾಡುತ್ತಲೇ ಇರುತ್ತಿತ್ತು. ‘ಇಲ್ಲೊಂದೀಟು ಉಬ್ಬೈತಿ ನೋಡವ್ವಾ’ ಎಂದು ನನ್ನ ಲಟ್ಟಣಿಗೆಯಲ್ಲೇ ಕೊರತೆ ಹುಡುಕುತ್ತಿದ್ದ. ಅದರಲ್ಲಿ ಲಟ್ಟಿಸಿದ ಚಪಾತಿಯನ್ನು ಮಾತ್ರ ಎರಡನೆಯ ಸಲ ಕೇಳಿ ತಿನ್ನುತ್ತಿದ್ದ.

ವೆರ್ಣಾದ ಕಂಪನಿಯಲ್ಲಿ ನಾನು ಪ್ಯಾಕಿಂಗ್ ಲೈನಿನವಳು. ಅವನು ಹಿಂದಿನ ಶೆಡ್ಡಿನಲ್ಲಿ ಮೊಳೆ ಹೊಡೆದು ಮರದ ಪೆಟ್ಟಿಗೆ ಮಾಡುವವನು. ವಿಜಯಪುರದ ಕಡೆಯ ಬಡಿಗ. ಬಾಗಿಲ ಚೌಕಟ್ಟು ಕೆತ್ತುತ್ತಿದ್ದ ಕೈ ಕಾಂಟ್ರಾಕ್ಟರನ ಕೆಳಗೆ ಬಂದು ಬರೀ ಮೊಳೆ ಹೊಡೆಯುತ್ತಿತ್ತು. ನಮ್ಮಿಬ್ಬರ ಖೋಲಿಗಳ ನಡುವೆ ಇದ್ದದ್ದು ಒಂದು ತಗಡು. ಒಮ್ಮೆ ಖೋಲಿಯ ಮಾಲೀಕರು ಕುತ್ತಿಗೆ ಮುರಿದ ಗಿಟಾರೊಂದನ್ನು ಒಲೆಗೆಂದು ಹೊರಗೆಸೆದರು. ಕಾಕಾ ಅದನ್ನು ಎತ್ತಿಕೊಂಡು ಬಂದು ತಿರುಗಿಸಿ ನೋಡಿದ. ‘ಇದೂ ಪೆಟ್ಟಿಗಿನ ಐತಿ. ಕುತ್ತಿಗಿ ಬಂದೈತಿ, ಅಷ್ಟ’ ಅಂದ. ಅಲ್ಲಿಂದ ಹುಚ್ಚು ಹಿಡಿಯಿತು.

ಅವನಲ್ಲಿದ್ದದ್ದು ಒಂದು ಉಳಿ, ಒಂದು ಗರಗಸ, ಒಂದು ಉಜ್ಜುಗೊರಡು. ಉಜ್ಜುಗೊರಡಿನ ಸದ್ದಿಗೆ ಪಾಳಿ ಮುಗಿಸಿ ಮಲಗಿದವರು ಎದ್ದು ಬೈಯುತ್ತಿದ್ದರು. ಅದಕ್ಕೆ ಒಡೆದ ಬಾಟಲಿಯ ಗಾಜಿನ ಚೂರು ಹಿಡಿದ. ಕೆಡವಿದ ಹಳೆ ಮನೆಯೊಂದರ ಹಲಸಿನ ಕಿಟಕಿ ಚೌಕಟ್ಟನ್ನು ಆ ಚೂರಿನಿಂದ ಹೆರೆದು ಹೆರೆದು ಗಿಟಾರಿಗೆ ಕುತ್ತಿಗೆ ಮಾಡಿದ. ಈರುಳ್ಳಿ ಸಿಪ್ಪೆಯಂಥ ಹೊಟ್ಟು ಬೀಳುತ್ತಿತ್ತು. ಅಂಟು ಹಚ್ಚಿದ ಹಲಗೆಗಳಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿದು, ಮೇಲಿನ ಕೊಕ್ಕೆಗೆ ನೇತು ಹಾಕುತ್ತಿದ್ದ. ‘ನನಗ ಹೊರಳಾಕ ಜಾಗ ಇಲ್ಲ, ಅದಕ್ಕ ತೊಟ್ಲಾ ಕಟ್ಟ್ಯಾನ’ ಎಂದು ಅವನ ಹೆಂಡತಿ ನೀಲವ್ವ ಕಾಕು ತಗಡಿನಾಚೆಯಿಂದ ನನಗೆ ದೂರು ಹೇಳುತ್ತಿದ್ದಳು.

ಮಡಗಾವಿನ ಗಿಟಾರ್ ಅಂಗಡಿಯ ಮುದುಕ ಮಾಲೀಕರಿಗೆ ರಿಪೇರಿಗೆ ಒಬ್ಬ ಕೆಲಸಗಾರ ಬೇಕಾಗಿದ್ದ. ಕಾಕಾ ಹೋಗಿ ಕೇಳಿಕೊಂಡು ಬಂದ. ‘ಅಲ್ಲಿ ಕೂತ್ನೆಂದ್ರ ಮತ್ತ ಮೊಳಿ ಹೊಡಿಯೂದಿಲ್ಲವ್ವಾ’ ಎನ್ನುವಾಗ ಅವನ ಮುಖ ನೋಡಬೇಕಿತ್ತು. ಮಾಲೀಕರು ಖೋಲಿಗೇ ಬಂದು ನೋಡುತ್ತೇನೆಂದರು. ಕಾಕಾ ಅವರಿಗೆ ಬರಲು ಹೇಳಿದ ದಿನ ಅಮಾವಾಸ್ಯೆ.

ಬಡಿಗರ ಮನೆಯಲ್ಲಿ ಅಮಾವಾಸ್ಯೆಗೆ ಉಳಿ, ಗರಗಸದಂಥ ಹತಾರ ಮುಟ್ಟುವುದಿಲ್ಲ. ತೊಳೆದು, ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ಕೂರಿಸುತ್ತಾರೆ. ಉಳಿದ ರಜೆಗಳನ್ನೆಲ್ಲ ಓವರ್‌ಟೈಮ್ ನುಂಗುತ್ತಿದ್ದರೂ ಕಾಕಾ ಕಾಂಟ್ರಾಕ್ಟರನ ಜೊತೆ ಜಗಳಾಡಿ ಅದೊಂದು ದಿನವನ್ನು ಉಳಿಸಿಕೊಂಡಿದ್ದ. ‘ಹತಾರ ಮುಟ್ಟೋ ದಿನ ರಜಾ ಇಲ್ಲ, ರಜಾ ಇದ್ದ ದಿನ ಹತಾರ ಮುಟ್ಟಂಗಿಲ್ಲ. ಭಾಳ ಚಲೋ ಲೆಕ್ಕ ಕಾಕಾ ನಿಂದು’ ಎಂದು ನಾನು ಕಾಡಿಸುತ್ತಿದ್ದೆ. ಆಗೆಲ್ಲ ನಗುತ್ತಿದ್ದ. ಮಾಡಿ ಮುಗಿಸಿದ ಗಿಟಾರನ್ನು ತೋರಿಸಿದರೆ ಸಾಕು ಎಂದುಕೊಂಡಿದ್ದ, ಪಾಪ.

ಮಾಲೀಕರು ಬಂದರು, ನುಡಿಸಿದರು, ತಲೆದೂಗಿದರು. ಆಮೇಲೆ ಕುತ್ತಿಗೆಯ ಒಂದು ಕಡೆ ಬೆರಳಿಟ್ಟು, ‘ಇಧರ್ ಥೋಡಾ ನಿಕಾಲೋ’ ಅಂದರು. ಅಲ್ಲಿ ತುಸು ದಪ್ಪವಿತ್ತು. ಕಣ್ಣೆದುರಿಗೇ ಹೆರೆದು ತೋರಿಸಬೇಕು, ಕೈ ನೋಡದೆ ಅವರು ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

‘ಇವತ್ತ ಆಗೂದಿಲ್ರಿ. ಅಮಾಸಿ ಐತ್ರಿ’ ಅಂದ ಕಾಕಾ. ನಾನು ಹಿಂದಿಯಲ್ಲಿ ತಿಳಿಸಿ ಹೇಳಿದೆ. ಹಾಗಾದರೆ ನಾಳೆ ಅಂಗಡಿಗೆ ಬರಲಿ ಎಂದರು ಮಾಲೀಕರು. ನಾಳೆ ಅವನಿಗೆ ಶೆಡ್ಡು. ಅವರು ಗಡಿಯಾರ ನೋಡಿದರು. ನನಗೆ ತಡೆಯಲಾಗಲಿಲ್ಲ.

‘ಕಾಕಾ, ಉಳಿ ಮುಟ್ಟಬ್ಯಾಡ. ಗಾಜೇನು ಹತಾರ ಅಲ್ಲಲಾ?’

ಅವನು ಮೂಲೆಯ ಬಟ್ಟೆ ಸರಿಸಿದ. ಉಳಿಯ ಪಕ್ಕದಲ್ಲೇ ಗಾಜಿನ ಚೂರೂ ಕುಂಕುಮ ಹಚ್ಚಿಕೊಂಡು ಕೂತಿತ್ತು. ‘ಇಷ್ಟ ದಿನಾ ಇದರ ಕಡಿಂದ ಕೆಲಸ ತಗೊಂಡೇನಿ. ಇವತ್ತೊಂದಿನ ನೀ ಹತಾರ ಅಲ್ಲ ಅಂತ ಇದಕ್ಕ ಹೆಂಗ ಹೇಳ್ಲೆವ್ವಾ?’ ಅಂದ.

ಮಾಲೀಕರು ಕೈಕುಲುಕಿ ಹೋದರು. ವಾರದೊಳಗೆ ಆ ಜಾಗಕ್ಕೆ ಬೇರೆ ಯಾರೋ ಬಂದರು. ನನಗೆ ಅವನ ಮೇಲೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

ನಾನು ಆ ಕಂಪನಿ ಬಿಟ್ಟು ಕುಂಕಳ್ಳಿಯಲ್ಲಿ ಬೇರೆ ಕೆಲಸಕ್ಕೆ ಸೇರುವ ಮುಂಚೆ ಕೊನೆಯ ಸಲ ಅವನನ್ನು ಕಂಡದ್ದು ಕಂಪನಿ ಬಸ್ಸಿನಲ್ಲಿ. ಅಂದು ಅಮಾವಾಸ್ಯೆ.

‘ಯಾಕ ಕಾಕಾ, ಇವತ್ತೂ ಡ್ಯೂಟಿ?’

‘ಹೊಸ ಕಾಂಟ್ರಾಕ್ಟರ್ ಬಂದಾನ. ಅಮಾಸಿ ಗಿಮಾಸಿ ನಡಿಯೂದಿಲ್ಲ ಅಂದ.’

‘ಮತ್ತ ಹತಾರ?’

‘ಮನ್ಯಾಗಿನವು ಬಟ್ಟಿ ಹೊದ್ದು ಕುಂತಾವು. ಶೆಡ್ಡಿನ ಸುತ್ತಿಗಿ ಕಂಪನೀದು, ನಂದಲ್ಲ ಅಂತ ಮನಸಿಗೆ ಹೇಳ್ತೇನಿ. ಹಂಗಾರ ಕೈ ಯಾರದು ಅಂತ ಅದು ತಿರುಗಿ ಕೇಳತೈತಿ.’

ಬಸ್ಸು ವೆರ್ಣಾದ ಗೇಟಿನ ಕಡೆ ತಿರುಗಿತು. ಕಂಬಿ ಹಿಡಿದಿದ್ದ ಅವನ ಹೆಬ್ಬೆರಳು ಅಂದು ಸುಮ್ಮನಿತ್ತು.