ಇನ್ನೊಬ್ಬರ ಬಸುರಿಗೆ ದುಭಾಷಿ

ಈ ಒಂದು ವರ್ಷದಲ್ಲಿ ನಾನು ನಾಲ್ಕು ಸಲ ಬಸುರಿಯ ಮೊದಲ ತಪಾಸಣೆಗೆ ಹೋಗಿ ಬಂದಿದ್ದೇನೆ. ನನ್ನ ವಯಸ್ಸು ಅರವತ್ತಮೂರು. ಗಾಬರಿಯಾಗಬೇಡಿ, ನಾಲ್ಕು ಸಲವೂ ಬಸುರು ಬೇರೆಯವರದು, ನನ್ನದು ನಾಲಿಗೆ ಮಾತ್ರ. ಆದರೆ ದಣಿವು ಮಾತ್ರ ಪೂರ್ತಿ ನನ್ನದೇ. ಬಸುರಿಯರು ಮನೆಗೆ ಬಂದು ಮತ್ತೆ ಕೆಲಸಕ್ಕೆ ಹತ್ತುತ್ತಾರೆ, ನಾನು ಎರಡು ದಿನ ಮಲಗಿಬಿಡುತ್ತೇನೆ.

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನಮ್ಮ ಮನೆಯ ಎದುರಿಗೆ ಮೂರು ವರ್ಷಗಳಿಂದ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಒಂದು ಮುಗಿಯಿತು ಎನ್ನುವಾಗ ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಗುಂಡಿ ತೋಡುತ್ತಾರೆ. ಕಟ್ಟುವವರೆಲ್ಲ ಯಾದಗಿರಿ, ರಾಯಚೂರು ಕಡೆಯ ಮಂದಿ, ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಸಂಸಾರ. ಗಂಡಸರು ಹೇಗೋ ಹಿಂದಿಯಲ್ಲಿ ದಿನ ನೂಕುತ್ತಾರೆ, ಹೆಂಗಸರಿಗೆ ತೆಲುಗು ಅಷ್ಟಕ್ಕಷ್ಟೇ. ನಾನು ಬೀದರಿನವಳು, ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾಯಿತು. ನನ್ನ ತೆಲುಗೆಲ್ಲ ತರಕಾರಿ ಗಾಡಿಯವರ ಹತ್ತಿರ ಚೌಕಾಸಿ ಮಾಡುತ್ತ ಕಲಿತದ್ದು. ಒಂದು ದಿನ ಆ ಶೆಡ್ಡಿನ ಹೆಂಗಸೊಬ್ಬಳು ನೀರು ಕೇಳಲು ಬಂದಾಗ ಕನ್ನಡದಲ್ಲಿ ಮಾತಾಡಿಬಿಟ್ಟೆ. ಅಲ್ಲಿಂದ ಶುರುವಾದದ್ದು ಇದು. ನಮ್ಮ ಯಜಮಾನರು ಇದನ್ನು ಸಮಾಜಸೇವೆ ಎನ್ನುತ್ತಾರೆ. ಅವರು ಮನೆಯಲ್ಲಿ ಕೂತಿರುವವರು, ಏನು ಬೇಕಾದರೂ ಅನ್ನಬಹುದು.

ಮೊದಲ ತಪಾಸಣೆಯಲ್ಲಿ ಏನೇನಿರುತ್ತದೆ ಎಂದು ಈಗ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲು ಸರಕಾರಿ ಆಸ್ಪತ್ರೆಯ ಸಾಲು. ಸಾಲಿನ ತುದಿಗೆ ಕಿಟಕಿ, ಕಿಟಕಿಯೊಳಗೆ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳುವ ಒಂದು ಕೈ. ಆಮೇಲೆ ಅಂಗೈಯಷ್ಟು ಡಬ್ಬಿ ಕೊಟ್ಟು ಮೂತ್ರ ತರಲು ಕಳಿಸುತ್ತಾರೆ, ಅದನ್ನು ಹುಡುಗಿಯರು ಸೆರಗಿನೊಳಗೆ ಅಡಗಿಸಿಕೊಂಡು ಕಳ್ಳಮಾಲಿನಂತೆ ತರುತ್ತಾರೆ. ತೂಕ, ಎತ್ತರ, ಬಿಪಿ. ತೋಳಿನಿಂದ ರಕ್ತ ತೆಗೆಯುವಾಗ ಪ್ರತಿಯೊಬ್ಬಳೂ ನನ್ನ ಕಡೆ ತಿರುಗಿ ಒಂದೇ ಮಾತು ಕೇಳುತ್ತಾಳೆ: ‘ಇಷ್ಟ ರಕ್ತ ತಗೊಂಡ್ರ ಕೂಸಿಗೇನ್ ಉಳೀತೈತ್ರಿ?’ ಮೊದಲ ಸಲ ಇದನ್ನು ತೆಲುಗಿಗೆ ತಂದು ಹೇಳಿದ್ದೆ. ಈಗ ತರುವುದಿಲ್ಲ, ‘ಭಾಳ ಉಳೀತೈತಿ, ಸುಮ್ಮನ ಕೂಡು’ ಎಂದು ನಾನೇ ಉತ್ತರ ಕೊಟ್ಟು ಮುಗಿಸುತ್ತೇನೆ. ಎಲ್ಲಾ ಆದ ಮೇಲೆ ಮಿಡ್‌ವೈಫ್ ಸಿಸ್ಟರ್ ಕೋಣೆ. ಅಲ್ಲಿ ಹೊಟ್ಟೆ ಮುಟ್ಟಿ ನೋಡುತ್ತಾರೆ, ಆಮೇಲೆ ಪ್ರಶ್ನೆಗಳು. ಇಷ್ಟೊಂದು ಪ್ರಶ್ನೆಗಳನ್ನು ನನ್ನ ಮದುವೆಗೆ ಹೆಣ್ಣು ನೋಡಲು ಬಂದವರೂ ಕೇಳಿರಲಿಲ್ಲ.

ನಮ್ಮಜ್ಜಿಯ ಓಣಿಯ ಸೂಲಗಿತ್ತಿ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲವಂತೆ. ಸೂಲು ಎಂದರೆ ಹೆರಿಗೆ, ಅದನ್ನು ಮಾಡಿಸುವವಳು ಸೂಲಗಿತ್ತಿ. ಹಳಗನ್ನಡದಲ್ಲಿ ಬಸಿರು ಎಂದರೆ ಬರೀ ಹೊಟ್ಟೆ ಎಂದು ಎಲ್ಲೋ ಓದಿದ ನೆನಪು. ಗಂಡಸರಿಗೂ ಬಸಿರು ಇದ್ದ ಆ ಕಾಲ ನೆನೆಸಿಕೊಂಡರೆ ನನಗೆ ಒಂಥರಾ ಸಮಾಧಾನ. ಅದಿರಲಿ, ಆ ಸೂಲಗಿತ್ತಿ ಬಾವಿಕಟ್ಟೆಯಲ್ಲಿ ನಿಂತು ಹುಡುಗಿಯ ನಡಿಗೆ ನೋಡಿ ತಿಂಗಳು ಹೇಳುತ್ತಿದ್ದಳು. ಇವಳ ತಾಯಿಗೆ ಎಷ್ಟು ಹೊತ್ತು ಬೇನೆ ಹಿಡಿದಿತ್ತು, ಅಕ್ಕನಿಗೆ ಏನಾಗಿತ್ತು, ಯಾವ ಮನೆಯಲ್ಲಿ ಯಾವ ಕೂಸು ನಿಲ್ಲಲಿಲ್ಲ, ಎಲ್ಲಾ ಅವಳಿಗೆ ಗೊತ್ತು. ಗೊತ್ತಿದ್ದವಳ ಮುಂದೆ ಹೇಳುವುದೇನಿದೆ? ಹಾಗಾಗಿ ನಮ್ಮ ಕಡೆಯ ಹೆಂಗಸರಿಗೆ ಇಂಥದ್ದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವೇ ಆಗಲಿಲ್ಲ. ಈ ಊರಿನ ಸಿಸ್ಟರ್ ಪಾಪ, ಬಂದವಳ ಮುಖವನ್ನೇ ಮೊದಲ ಸಲ ನೋಡುವವಳು. ಕೇಳದೆ ಏನು ಮಾಡಿಯಾಳು?

ನಾಲ್ಕನೆಯ ಸಲ ನಾನು ಕರೆದುಕೊಂಡು ಹೋದವಳು ನಿಂಗಮ್ಮ. ಇಪ್ಪತ್ತೆರಡು ವರ್ಷ, ಕೋಲಿನಂಥ ಮೈ. ಗಂಡ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು, ಅತ್ತೆ ಸಾಬವ್ವ ಗೋಡೆಗೆ ನೀರು ಹೊಡೆಯುವವಳು. ಹಿಂದಿನ ದಿನ ಸಾಬವ್ವನೇ ಬಂದು, ‘ಅಕ್ಕಾರ, ಸೊಸಿ ನೀರು ನಿಂತು ಮೂರು ತಿಂಗಳಾತ್ರಿ. ಚೊಚ್ಚಲ. ಒಂದೀಟು ತೋರಿಸ್ಕೊಂಡು ಬರ್ರಿ. ಹಡ್ಯಾಕ ಊರಿಗಿ ಕರಕೊಂಡು ಹೊಕ್ಕೀನಿ’ ಎಂದು ಒಪ್ಪಿಸಿ ಹೋಗಿದ್ದಳು.

ಕಿಟಕಿಯಲ್ಲಿ ಗಂಡನ ಹೆಸರು ಕೇಳಿದರು. ನಿಂಗಮ್ಮ ನೆಲ ನೋಡಿದಳು. ನಮ್ಮ ಕಡೆ ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಬೇಕು, ಅದಕ್ಕೆ ಸುತ್ತ ನಾಲ್ಕು ಮಂದಿ ಗೆಳತಿಯರು ಬೇಕು, ನಗಬೇಕು. ಹಿಂದೆ ಮೂವತ್ತು ಮಂದಿ ಬಸುರಿಯರು ಬೈಯುತ್ತ ನಿಂತಾಗ ಒಡಪು ಹುಟ್ಟುವುದಿಲ್ಲ. ನಾನು ಜೆರಾಕ್ಸ್ ನೋಡಿ ಹೆಸರು ಓದಿಬಿಟ್ಟೆ. ಅಲ್ಲಿಂದ ನನ್ನ ಬಾಯಿಗೆ ಕಡಿವಾಣ ಇಲ್ಲದಂತಾಯಿತು, ಸಿಸ್ಟರ್ ಕೋಣೆಗೆ ಹೋದ ಮೇಲೂ. ವಯಸ್ಸು ಎಷ್ಟು? ನಾನೇ ಹೇಳಿದೆ. ಕೆಲಸ? ನಾನೇ. ತಂಬಾಕು? ಇಲ್ಲ, ಅದನ್ನೂ ನಾನೇ. ಒಂದೊಂದು ಪ್ರಶ್ನೆಯನ್ನು ಅವಳಿಗೆ ಕನ್ನಡದಲ್ಲಿ ಕೇಳಿ, ಅವಳು ಯೋಚಿಸಿ, ನಾಚಿ, ಉತ್ತರಿಸಿ, ಅದನ್ನು ನಾನು ತೆಲುಗಿಗೆ ತರುವಷ್ಟರಲ್ಲಿ ಕೂತ ಬೆಂಚೇ ಮುದಿಯಾಗುತ್ತದೆ. ಕೊನೆಯ ಮುಟ್ಟಿನ ದಿನವೊಂದು ನನಗೆ ಗೊತ್ತಿರಲಿಲ್ಲವಾದ್ದರಿಂದ ಅವಳನ್ನು ಕೇಳಿದೆ. ‘ಎಳ್ಳಮಾಸಿ ಆದ ನಾಕನೇ ದಿನ’ ಎಂದಳು, ಹಾಗೇ ತೆಲುಗಿಗೆ ತಂದೆ. ಸಿಸ್ಟರ್ ನಗಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿ ಅಮಾವಾಸ್ಯೆ ಹುಡುಕಿ, ಬೆರಳಿಟ್ಟು ನಾಲ್ಕು ಮನೆ ಎಣಿಸಿ, ದುಂಡನೆಯ ರಟ್ಟಿನ ಚಕ್ರ ತಿರುಗಿಸಿ, ದಸರೆಯ ಹಿಂದುಮುಂದಿನ ಬತುಕಮ್ಮ ಹಬ್ಬದ ಹೊತ್ತಿಗೆ ಹೆರಿಗೆ ಎಂದಳು. ಕನ್ನಡಕದ ಚಿಕ್ಕ ಹುಡುಗಿ, ನನ್ನ ಕಿರಿಮಗಳ ವಯಸ್ಸು. ಆ ಕ್ಷಣಕ್ಕೇ ನನಗೆ ಅವಳು ಇಷ್ಟವಾದಳು.

ಮರುಕ್ಷಣ ಇಷ್ಟ ಹೋಯಿತು. ‘ಇದಿ ಎನ್ನೋ ಕಾನ್ಪು?’ ಎಂದು ಕೇಳಿದಳು, ಇದು ಎಷ್ಟನೆಯ ಹೆರಿಗೆ ಎಂದು. ‘ಮೊದಟಿದಿ’ ಎಂದೆ ನಾನು, ಮೊದಲನೆಯದು ಎಂದು, ಪ್ರಶ್ನೆ ಮುಗಿಯುವ ಮೊದಲೇ. ಅವಳು ಬರೆದುಕೊಳ್ಳಲಿಲ್ಲ. ಆಗಷ್ಟೇ ಮುಟ್ಟಿ ನೋಡಿದ್ದ ಹೊಟ್ಟೆಯ ಕಡೆ ಇನ್ನೊಮ್ಮೆ ನೋಡಿದಳು. ಅಲ್ಲಿ ಸಣ್ಣಗೆ ಬೆಳ್ಳನೆಯ ಗೆರೆಗಳಿದ್ದವಂತೆ. ಹೊಟ್ಟೆ ಒಮ್ಮೆ ದೊಡ್ಡದಾಗಿ ಇಳಿದರೆ ಬೀಳುವ ಗೆರೆ. ನನ್ನ ಹೊಟ್ಟೆಯ ಮೇಲೂ ಇವೆ, ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

‘ಅಮ್ಮಾ, ಮೀರು ಕಾದು. ಆಮೆನು ಅಡಗಂಡಿ’ ಎಂದಳು. ನೀವಲ್ಲ, ಅವಳನ್ನು ಕೇಳಿ.

ನನಗೆ ಸಿಟ್ಟು ಬಂತು. ಬೆಳಗ್ಗೆ ಎಂಟಕ್ಕೆ ಬಂದವಳು, ಆಗಲೇ ಒಂದು ಗಂಟೆಯ ಹತ್ತಿರ. ಬಿಗುಮಾನದಿಂದಲೇ ತಿರುಗಿ, ‘ನಿಂಗಮ್ಮಾ, ಎಷ್ಟನೇದ ಇದು?’ ಎಂದೆ. ಅವಳು ಬಾಗಿಲ ಕಡೆ ನೋಡಿದಳು, ಅತ್ತೆ ಅಲ್ಲೆಲ್ಲೋ ನಿಂತಿದ್ದಾಳೆ ಎನ್ನುವಂತೆ.

‘ಅಮ್ಮಾರ, ಹೇಳಬ್ಯಾಡ ಅಂದಾಳ್ರಿ ಅತ್ತಿ. ಹೋದದ್ದನ್ನ ಎಣಸಬಾರದಂತ. ಎಣಿಸಿದ್ರ ಹೊಟ್ಟ್ಯಾಗಿಂದಕ್ಕ ಕೇಡಂತ.’ ಸಣ್ಣ ದನಿಯಲ್ಲಿ ಮುಂದುವರಿಸಿದಳು. ‘ಹ್ವಾದ ವರ್ಷದ ಹಿಂದಿನ ವರ್ಷ ಊರಾಗ ಏಳು ತಿಂಗಳಿಗೇ ಹಡದೆ. ಮನ್ಯಾಗ. ರಕ್ತ ನಿಲ್ಲಲಿಲ್ರಿ. ಟೆಂಪೋದಾಗ ಹಾಕ್ಕೊಂಡು ಹೋದ್ರು, ಎರಡು ಬಾಟ್ಲಿ ರಕ್ತ ಏರಿಸಿದ್ರು.’ ಆಮೇಲೆ ನನ್ನನ್ನೇ ಕೇಳಿದಳು: ‘ಹೇಳಲೇನ್ರಿ?’

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಮೊದಲು ಬಂದದ್ದು ಆ ಕೂಸೂ ಅಲ್ಲ, ರಕ್ತವೂ ಅಲ್ಲ. ಇದನ್ನು ಹೇಳಿದರೆ ಡಾಕ್ಟರಿಗೆ ತೋರಿಸಿ ಎನ್ನುತ್ತಾರೆ, ಅಲ್ಲಿ ಇನ್ನೊಂದು ಸಾಲು, ಇವತ್ತು ಊಟವಿಲ್ಲ ಎಂಬುದು ಬಂತು. ದಣಿದವರು ಕೆಟ್ಟವರೇನಲ್ಲ. ಆದರೆ ದಣಿದವರ ಕೈಯಲ್ಲಿ ಇನ್ನೊಬ್ಬರ ಜೀವ ಕೊಡಬಾರದು. ಎರಡು ಬಾಟಲಿ ರಕ್ತದ ಬಸುರನ್ನು ನಾನು ಒಂದು ಶಬ್ದದಲ್ಲಿ ಒರೆಸಿಹಾಕಿದ್ದೆ. ಊರಿಗೆ ಹೋಗಿ ಮನೆಯಲ್ಲೇ ಹಡೆಯಲು ಹೊರಟವಳನ್ನು ಯಾರೂ ತಡೆಯುತ್ತಿರಲಿಲ್ಲ, ಏಕೆಂದರೆ ಕಾರ್ಡಿನಲ್ಲಿ ಎಲ್ಲಾ ಸರಿಯಾಗಿರುತ್ತಿತ್ತು. ನನಗೆ ನಾಚಿಕೆಯಾಯಿತು, ಅಂಜಿಕೆಯೂ ಆಯಿತು.

‘ಹೇಳವ್ವಾ’ ಎಂದೆ. ಅವಳು ಹೇಳಿದಷ್ಟನ್ನೇ ಸಿಸ್ಟರಿಗೆ ಹೇಳಿದೆ, ಒಂದು ಮಾತು ಸೇರಿಸದೆ, ಒಂದು ಬಿಡದೆ. ನನ್ನ ತರಕಾರಿ ಗಾಡಿಯ ತೆಲುಗಿನಲ್ಲಿ ಕೆಲವಕ್ಕೆ ಶಬ್ದವಿರಲಿಲ್ಲ, ಕೈಯಲ್ಲಿ ತೋರಿಸಿದೆ. ಹುಟ್ಟಿದಾಗ ಕೂಸು ಅತ್ತಿತ್ತೇ ಎಂದು ಸಿಸ್ಟರ್ ಕೇಳಿದಳು. ಅದನ್ನು ಕನ್ನಡಕ್ಕೆ ತಂದು ಕೇಳಿದೆ. ‘ಇಲ್ರಿ’ ಎಂದಳು ನಿಂಗಮ್ಮ. ‘ಲೇದು’ ಎಂದೆ ನಾನು.

ಸಿಸ್ಟರ್ ಕೆಂಪು ಪೆನ್ನು ತೆಗೆದುಕೊಂಡು ಕಾರ್ಡಿನ ಮೇಲೆ ಬರೆದಳು. ಆಮೇಲೆ ನಿಧಾನವಾಗಿ ಹೇಳಿದಳು, ನನ್ನನ್ನು ನೋಡದೆ ನಿಂಗಮ್ಮನನ್ನೇ ನೋಡಿ: ಹೋದ ಸಲ ಆದದ್ದು ಈ ಸಲವೂ ಆಗಬಹುದು, ಆಗದೆಯೂ ಇರಬಹುದು. ಗೊತ್ತಿದ್ದರೆ ನಾವು ರಕ್ತ ತಯಾರಿಟ್ಟುಕೊಂಡಿರುತ್ತೇವೆ. ಮನೆಯಲ್ಲಿ ಹಡೆಯಬೇಡ, ಇಲ್ಲಿಗೇ ಬಾ. ಡಾಕ್ಟರಿಗೂ ಇವತ್ತೇ ತೋರಿಸು. ಸಾಲು ಇತ್ತು. ನಿಂತೆವು. ಆಸ್ಪತ್ರೆಯಿಂದ ಹೊರಬೀಳುವಾಗ ಮೂರೂವರೆ.

ಷೇರ್ ಆಟೋದಲ್ಲಿ ನಿಂಗಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ‘ಅತ್ತಿ ಕೇಳಿದ್ರ ಏನನ್ನಲ್ರಿ?’ ನಾನು ಯೋಚಿಸಿದೆ. ಸಾಬವ್ವ ಹಟ ಹಿಡಿದು ಊರಿಗೆ ಕರೆದೊಯ್ದರೆ ಇಷ್ಟು ಹೊತ್ತಿನ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಆದ್ದರಿಂದ ಆಟೋ ಮನೆ ತಲುಪುವಷ್ಟರಲ್ಲಿ ನಾಲ್ಕಾರು ಸುಳ್ಳು ಹೊಂದಿಸಿಟ್ಟುಕೊಂಡೆ. ಸಿಸ್ಟರೇ ಕಂಡುಹಿಡಿದಳು, ಮಶೀನಿನಲ್ಲಿ ತಾನಾಗೇ ಬಂತು, ಸರಕಾರದ ಹೊಸ ಕಾನೂನು, ಹೀಗೆ. ಬುದ್ಧಿ ಕಲಿತು ಮೂರು ತಾಸೂ ಆಗಿರಲಿಲ್ಲ, ನನ್ನ ನಾಲಿಗೆ ಮತ್ತೆ ಇನ್ನೊಬ್ಬರ ಪರವಾಗಿ ಹೊರಟಿತ್ತು ನೋಡಿ.

ಸಾಬವ್ವ ಪೈಪು ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಳು. ನಮ್ಮನ್ನು ನೋಡಿದವಳೇ, ‘ಅಕ್ಕಾರ, ಚೊಚ್ಚಲ ಅಂತ ಬರಸೀರಿಲ್ಲ?’ ಎಂದಳು. ನಾನು ಬಾಯಿ ತೆರೆದೆ.

‘ಎರಡನೇದು ಅಂತ ಬರಸೀನತ್ತಿ’ ಎಂದಳು ನಿಂಗಮ್ಮ. ಅಷ್ಟಕ್ಕೇ ನಿಲ್ಲಲಿಲ್ಲ. ‘ಏಳು ತಿಂಗಳಿಗೆ ಹಡದದ್ದೂ ಹೇಳೀನಿ, ರಕ್ತ ಹೋದದ್ದೂ ಹೇಳೀನಿ. ಊರಿಗಿ ಹೋಗಂಗಿಲ್ಲಂತ, ಇಲ್ಲೇ ಹಡೀಬೇಕಂತ.’

ಸಾಬವ್ವನ ಪೈಪಿನ ನೀರು ಗೋಡೆಯ ಒಂದೇ ಜಾಗಕ್ಕೆ ಬೀಳುತ್ತಲೇ ಇತ್ತು. ಆಮೇಲೆ ಪೈಪನ್ನು ನೆಲಕ್ಕೆ ಹಾಕಿ, ಕೈ ಸೀರೆಗೆ ಒರೆಸಿಕೊಂಡು, ಕಾರ್ಡು ಇಸಕೊಂಡಳು. ಅವಳಿಗೆ ಓದು ಬಾರದು. ‘ಎಲ್ಲಿ ಬರದಾರ್ರಿ ಅದನ್ನ?’ ಎಂದು ಕೇಳಿದಳು. ಕೆಂಪು ಅಕ್ಷರ ತೋರಿಸಿ, ಇದ್ದದ್ದನ್ನು ಇದ್ದಂತೆ ಓದಿದೆ: ಒಂದು ಸಲ ಹೆರಿಗೆ, ಏಳು ತಿಂಗಳು, ಕೂಸು ಬದುಕಲಿಲ್ಲ. ಅವಳು ಆ ಸಾಲನ್ನು ಬಹಳ ಹೊತ್ತು ನೋಡಿದಳು.

‘ಏಳಲ್ಲರಿ ಅಕ್ಕಾರ’ ಎಂದಳು. ‘ಏಳು ತಿಂಗಳು ಹನ್ನೊಂದು ದಿನ. ಮುಂದಿನ ಸಲ ಹೋದಾಗ ಸರಿ ಮಾಡಿಸ್ಕೊಂಡು ಬರ್ರಿ.’