ಕುತ್ತಿಗೆಯಲ್ಲಿ ಗೆರೆಯಿರುವ ರಾಜ

ಅಮೆರಿಕದ ಅರೋರಾ ಊರಿನ ನಮ್ಮ ಮನೆಯಲ್ಲಿ ಇವತ್ತು ದಸರಾ ಗೊಂಬೆಗಳ ಪೆಟ್ಟಿಗೆ ತೆರೆದೆ. ಹಳೆ ಪಂಚೆ, ಕರ್ಪೂರದ ವಾಸನೆ ಬಂದದ್ದೇ ತಡ, ಮೈಸೂರಿನ ತಾತನ ಮನೆಯ ನಡುಮನೆಗೆ ಹೋಗಿಬಿಟ್ಟೆ.

ಚಿಕ್ಕವಳಿದ್ದಾಗ ಅಲ್ಲಿ ಪಟ್ಟದ ಗೊಂಬೆಗಳಿಗೆ ರೇಷ್ಮೆ ಉಡಿಸುವಾಗ ನನ್ನ ಕೈಜಾರಿ ಮರದ ರಾಜ ಬಿದ್ದ. ತಲೆ ಉರುಳಿಕೊಂಡು ಹೋಗಿ ತಾತನ ಕಾಲ ಬಳಿ ನಿಂತಿತು. ನಾನು ಅಳತೊಡಗಿದೆ.

ಸಂಸ್ಕೃತ ಮೇಷ್ಟರಾಗಿದ್ದ ತಾತ ನಿಧಾನವಾಗಿ ನಶ್ಯ ಏರಿಸಿಕೊಂಡು, "ರಾಜನ್ನ ಕೊಂದ್ರೆ ರಾಜಹತ್ಯೆ ಅಂತಾರೆ ಕಣೇ. ಬೇಕೂಂತ ಕೊಂದ್ರೆ ಮಾತ್ರ ಆ ಮಾತು. ಕೈಜಾರಿದ್ದಕ್ಕೆ ಅಂಟು ಸಾಕು" ಎಂದರು.

ಅಂಟು ಒಣಗುವವರೆಗೂ ರಾಜನ ತಲೆ ಒತ್ತಿ ಹಿಡಿದು ಕೂತಿದ್ದೆ. ಅಜ್ಜಿ ಕೋಡುಬಳೆ ಮುರಿದು ನನ್ನ ಬಾಯಿಗಿಡುತ್ತಿದ್ದರು.

ಈಗ ಪೆಟ್ಟಿಗೆಯ ಪಕ್ಕ ಕೂತಿದ್ದ ನನ್ನ ಮಗಳು ರಾಜನ ಕುತ್ತಿಗೆಯ ಗೆರೆ ಸವರಿ, "ಹೂ ಡಿಡ್ ದಿಸ್?" ಎಂದಳು.

"ನಾನೇ ಕಣೇ. ತಗೋ, ಈ ಸಲ ನೀನೇ ಕೂರಿಸು."

ಅವಳು ಎರಡೂ ಕೈ ಚಾಚಿದಳು.