ಚೌಳು ಬಲ್ಲ ನಾಲಿಗೆ

ಅಜ್ಜಿಯ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಅರ್ಜಿಯ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಸಿಂಡರಿಸಿ, ಇನ್ನೊಂದು ಸಲ ಒತ್ತು ಎಂದರು. ಮೂರು ಸಲ ಒತ್ತಿದರೂ ಬಿದ್ದದ್ದು ನುಣ್ಣನೆಯ ಮಸಿಬೊಟ್ಟು ಮಾತ್ರ. ಐವತ್ತು ವರ್ಷ ಚೌಳು ನೀರಿನಲ್ಲಿ ಊರವರ ಬಟ್ಟೆ ಹಿಂಡಿದ ಕೈ ಅದು. ಬೆರಳ ತುದಿಗಳೆಲ್ಲ ಸವೆದು ಬಿಳಿಚಿಕೊಂಡಿದ್ದವು. "ನನ್ ಗೆರೆಗೋಳೆಲ್ಲ ಊರೋರ ಬಟ್ಟೇಲಿ ಒಂಟೋದ್ವು ಸಾಮಿ, ಅಲ್ಲಿ ಉಡುಕ್ಕಳಿ" ಎಂದಳು ಅಜ್ಜಿ. ಗುಮಾಸ್ತರಿಗೂ ನಗು ಬಂತು.

ಆ ಅರ್ಜಿ ಬರೆದುಕೊಟ್ಟವನು ನಾನು. ಐವತ್ತರ ದಶಕದ ಕೊನೆಯ ವರ್ಷಗಳು. ಹೊಳೆನರಸೀಪುರದ ಅಗ್ರಹಾರದಲ್ಲಿ ಬೆಳೆದ ನಾನು ಗ್ರಾಮಸೇವಕನ ತರಬೇತಿ ಮುಗಿಸಿ, ಒಂದು ಸೈಕಲ್ಲು, ಒಂದು ಟ್ರಂಕು, ಬೇಕಾದ್ದಕ್ಕಿಂತ ಹೆಚ್ಚು ಜಂಬ ಹೊತ್ತುಕೊಂಡು ಹಿರೀಸಾವೆಯಾಚೆಯ ಆ ಹಳ್ಳಿಗೆ ಬಂದಿದ್ದೆ. ಊರಿನ ಕೆರೆ ಒಂದು ವಿಚಿತ್ರ. ಮಳೆಗಾಲದಲ್ಲಿ ಅದರ ನೀರು ಕುಡಿಯಬಹುದು. ಸಂಕ್ರಾಂತಿ ಕಳೆದು ನೀರು ಇಳಿಯುತ್ತ ಬಂದಂತೆ ಬಾಯಿಗೆ ಒಗರು ಹತ್ತುತ್ತಿತ್ತು. ಬೇಸಗೆಯಲ್ಲಿ ಉಳಿದ ಹೊಂಡದ ನೀರನ್ನು ದನಗಳೂ ಮೂಸಿ ಬಿಡುತ್ತಿದ್ದವು. ಬತ್ತಿದ ಕೆರೆಯಂಗಳದ ಮೇಲೆ ಬೆಳಗಿನ ಹೊತ್ತು ಬೆಳ್ಳಗೆ ಚೌಳು ಅರಳುತ್ತಿತ್ತು.

ನಾನು ಅಜ್ಜಿಯನ್ನು ಮೊದಲು ಕಂಡದ್ದು ಅಲ್ಲೇ. ಕುಕ್ಕರುಗಾಲಲ್ಲಿ ಕೂತು ತೆಂಗಿನ ಚಿಪ್ಪಿನಿಂದ ನೆಲದ ಮೇಲಿನ ಬಿಳಿಯನ್ನಷ್ಟೇ ಕೆರೆದು, ಬಟ್ಟೆ ಒಗೆಯಲೆಂದು ಮಂಕರಿಗೆ ತುಂಬುತ್ತಿದ್ದಳು. ನಡುನಡುವೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ತೂ ಎಂದು ಉಗಿಯುತ್ತಿದ್ದಳು. ಮಣ್ಣು ತಿನ್ನಬಾರದು, ಹೊಟ್ಟೆ ಕೆಡುತ್ತದೆ ಎಂದು ನಾನು ಉಪದೇಶಕ್ಕೆ ನಿಂತೆ. ಅವಳು ತಲೆಯೆತ್ತಿ ನನ್ನ ಪ್ಯಾಂಟು, ಕೈಯಲ್ಲಿದ್ದ ನೋಟುಬುಕ್ಕು ಎರಡನ್ನೂ ನೋಡಿದಳು.

"ತಿಂತಿಲ್ಲ ಬುದ್ಧಿ, ಮಾತಾಡುಸ್ತಾ ಇವ್ನಿ. ನೀವೂ ಒಸಿ ಮಾತಾಡ್ಸಿ ನೋಡಿ."

ನಾಚಿಕೆಗೆ ಬಿದ್ದು ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು, ಅದರ ಹಿಂದೆಯೇ ಒಂದು ಕಹಿ. ಅವಳು ನನ್ನನ್ನು ಹತ್ತು ಮಾರು ಆಚೆಗೆ ಕರೆದುಕೊಂಡು ಹೋದಳು. ಅಲ್ಲಿ ದನದ ಗೊರಸಿನ ಗುಳಿಗಳಲ್ಲಿ ನಿಂತ ನೀರು ಕಾಫಿಯ ಬಣ್ಣಕ್ಕಿತ್ತು, ಸುತ್ತಲಿನ ಮಣ್ಣಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು. "ಇದು ಕರೀ ಚೌಳು. ಬಿಳೀದು ನಾಲ್ಗೆ ಮ್ಯಾಲೆ ಕೂತ್ಕತದೆ, ಕರೀದು ಜಾರ್ತದೆ, ಸೋಪಿನಂಗೆ. ಬಿಳೀದ್ಕೆ ಎಲ್ಡು ಮಳೆ ಸಾಕು, ತೊಳ್ಕಂಡೋಯ್ತದೆ. ಕರೀದು ಮಳೆಗೆ ಬಗ್ಗಾಕಿಲ್ಲ ಕಣ್ ಬುದ್ಧಿ." ಇದೇ ಎರಡು ಬಗೆಯ ಕ್ಷಾರಭೂಮಿಯ ಬಗ್ಗೆ ನಾನು ಪರೀಕ್ಷೆಯಲ್ಲಿ ಎರಡು ಪುಟ ಗೀಚಿ ಒಳ್ಳೆಯ ಅಂಕ ಹೊಡೆದಿದ್ದೆ. ಕಣ್ಣಲ್ಲಿ ಕಂಡದ್ದು ಅವತ್ತೇ ಮೊದಲು. ಆಮೇಲಿನ ಮೂವತ್ತು ವರ್ಷದ ನೌಕರಿಯಲ್ಲಿ ನಾನು ರೈತರಿಗೆ ಹೇಳಿದ ಮಾತುಗಳಲ್ಲಿ ಮುಕ್ಕಾಲು ಪಾಲು ಅಜ್ಜಿಯವು.

ಅವಳು ಎಲೆಅಡಿಕೆ ಹಾಕುತ್ತಿರಲಿಲ್ಲ. ಆ ವಯಸ್ಸಿನ ಹೆಂಗಸರಲ್ಲಿ ಅದು ಅಪರೂಪ. ಮದುವೆಮನೆಯಲ್ಲಿ ತಾಂಬೂಲ ಕೊಟ್ಟರೆ ಸೆರಗಿಗೆ ಕಟ್ಟಿಕೊಂಡು ಬಂದು ಸೊಸೆಗೆ ಕೊಡುತ್ತಿದ್ದಳು. ಕೇಳಿದರೆ, "ಸುಣ್ಣ ಬಿದ್ದ ನಾಲ್ಗೆಗೆ ಮಣ್ಣು ಮಾತಾಡಾಕಿಲ್ಲ" ಎನ್ನುತ್ತಿದ್ದಳು. ಊರಲ್ಲಿ ಯಾರು ಬಾವಿ ತೋಡಿದರೂ, ಹೊಸ ಗದ್ದೆ ಕಟ್ಟಿದರೂ, ಮೊದಲು ಅಜ್ಜಿಯನ್ನು ಕರೆಯುತ್ತಿದ್ದರು. ಜಗಲಿ ಹತ್ತಿಸದವರು ಕೂಡ ಹೊಲದ ಬದುವಿನ ಮೇಲೆ ಅವಳ ಮುಂದೆ ಕೈಕಟ್ಟಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದರು. ಅವಳಿಗಿದ್ದ ಮರ್ಯಾದೆಯೆಲ್ಲ ಆ ಒಂದು ಗಳಿಗೆಯದು. ಅದನ್ನು ಅವಳು ಸುಖವಾಗಿ, ನಿಧಾನವಾಗಿ ಅನುಭವಿಸುತ್ತಿದ್ದಳು. ನೋಡಲು ಚೆಂದವಾಗಿತ್ತು.

ಇನ್ನು ಅರ್ಜಿಯ ವಿಷಯ. ಊರಿನ ನಾಲ್ಕು ಮಡಿವಾಳರ ಮನೆಗೂ ಅಂಗೈಯಗಲ ಜಮೀನಿರಲಿಲ್ಲ. ಕೆರೆಕೋಡಿಯಾಚೆ ಒಂದು ಸರ್ಕಾರಿ ತುಂಡು ಬಿದ್ದಿತ್ತು. ಅಜ್ಜಿ ಅದರ ಎಂಟು ಕಡೆ ಮಣ್ಣು ಬಗೆದು, ನಾಲಿಗೆಗೆ ಹಚ್ಚಿ, "ಸೀ ಮಣ್ಣು ಬುದ್ಧಿ, ರಾಗಿ ಅಲ್ಲ, ಬತ್ತಾನೇ ಬೆಳೀಬೌದು" ಎಂದಿದ್ದಳು. ಅವಳ ಮಾತಿನ ಮೇಲೆಯೇ ನಾಲ್ಕು ಮನೆಯವರೂ ಅರ್ಜಿ ಹಾಕಿದ್ದು. ಸಾಗುವಳಿಗೆ ಯೋಗ್ಯವೆಂದು ಮಣ್ಣು ಪರೀಕ್ಷೆಯ ವರದಿ ಬೇಕು ಎಂದು ಮೇಲಿನಿಂದ ಬಂತು. ಮಣ್ಣು ತೆಗೆದು ಕಳಿಸುವ ಕೆಲಸ ನನ್ನದು.

ನನ್ನ ಹತ್ತಿರ ಇದ್ದ ದಪ್ಪ ಕೋರಾ ಬಟ್ಟೆಯ ಚೀಲಗಳು ಗೊಬ್ಬರದ ವಾಸನೆ ಹೊಡೆಯುತ್ತಿದ್ದವು. ಅಂಥ ಚೀಲದಲ್ಲಿ ಮಣ್ಣು ತುಂಬಬಾರದು ಎಂದು ಕಲಿತಿದ್ದೆನಲ್ಲ, ಒಗೆದುಕೊಡು ಎಂದು ಅಜ್ಜಿಯ ಕೈಗೇ ಕೊಟ್ಟೆ. ಎರಡು ದಿನ ಬಿಟ್ಟು ಮಲ್ಲಿಗೆಯಂತೆ ಬೆಳ್ಳಗಾದ ಚೀಲಗಳನ್ನು ಮಡಿಸಿ ತಂದಳು. "ನಮ್ ಜಮೀನಿನ ಮಣ್ಣು ಓಗೋ ಚೀಲ ಅಂತ ಎಲ್ಡೆಲ್ಡು ಉಬ್ಬೆ ಆಕಿವ್ನಿ" ಎಂದಳು. ಉಬ್ಬೆ ಎಂದರೆ ಬಟ್ಟೆಯನ್ನು ಚೌಳು ನೀರಿನಲ್ಲಿ ನೆನೆಸಿ ದೊಡ್ಡ ಬಾನೆಯ ಮೇಲೆ ಹಬೆಯಲ್ಲಿ ಬೇಯಿಸುವುದು. ಮಡಿವಾಳರು ಬಟ್ಟೆಗೆ ಮಾಡುವ ದೊಡ್ಡ ಉಪಚಾರ ಅದು. ಆಮೇಲೆ ಜಾಲಿಸಿದ್ದು ಎಲ್ಲಿ? ಬೇಸಗೆಯ ಅದೇ ಕೆರೆಯ ಹೊಂಡದಲ್ಲಿ. ಓದಿದವನು ನಾನು, ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹಿಂದಿನ ದಿನ ಬಿದ್ದ ಮಳೆಗೆ ಒದ್ದೆಯಾಗಿದ್ದ ಮಣ್ಣನ್ನು ನೆರಳಲ್ಲಿ ಒಣಗಿಸದೆ ಹಾಗೇ ತುಂಬಿದೆ. ಚೀಲಗಳನ್ನು ಕೋಣೆಯ ಮೂಲೆಗಿಟ್ಟು ತಂಗಿಯ ಮದುವೆಗೆಂದು ಊರಿಗೆ ಹೋದೆ. ಬಂದು ಕಳಿಸುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ವರದಿ ಬಂತು. ಕ್ಷಾರ ಹೆಚ್ಚು, ಸಾಗುವಳಿಗೆ ಯೋಗ್ಯವಲ್ಲ.

ಅಜ್ಜಿಗೆ ಓದಿ ಹೇಳಿದೆ. ಎದ್ದು ಕೋಡಿಯಾಚೆಗೆ ಹೋದಳು. ನಾನೂ ಹಿಂದೆ ಹೋದೆ. ಮಣ್ಣು ಬಗೆದಳು, ನಾಲಿಗೆಗೆ ಹಚ್ಚಿದಳು, ಬಾಯಿ ಮುಕ್ಕಳಿಸಿ ಮತ್ತೆ ಹಚ್ಚಿದಳು. "ಸೀನೇ ಅದೆ ಬುದ್ಧಿ… ಸರ್ಕಾರದ ಮಿಸನ್ನು ಸುಳ್ಳೇಳ್ತದಾ?" ಎಂದು ನನ್ನ ಮುಖ ನೋಡಿದಳು. ಇನ್ನೊಂದು ಸಲ ಮಣ್ಣು ಕಳಿಸೋಣ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ನಾನು ಅಂದದ್ದು, "ಅಜ್ಜಿ, ನಿನಗೂ ವಯಸ್ಸಾಯ್ತಲ್ಲ." ಮೆತ್ತಗೆ, ಕರುಣೆಯಿಂದಲೇ ಅಂದೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಮುಂದಿನ ವಾರ ಸಂತೆಯಲ್ಲಿ ಕಂಡಾಗ ಅವಳ ತುಟಿ ಕೆಂಪಗಿತ್ತು. ಎಲೆಅಡಿಕೆ ಹಾಕಲು ಶುರುಮಾಡಿದ್ದಳು. "ಇನ್ಯಾಕ್ ಬುದ್ಧಿ ನಾಲ್ಗೆ ಕಾಯದು" ಎಂದಳು. ಯಾರೋ ಬಾವಿ ತೋಡಿ ಕರೆದರೆ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಜನ ಕರೆಯುವುದನ್ನೂ ಬಿಟ್ಟರು. ಅಷ್ಟರಲ್ಲಿ ನನಗೆ ಅರಕಲಗೂಡಿಗೆ ವರ್ಗವಾಯಿತು.

ಸತ್ಯ ತಿಳಿದದ್ದು ಅಲ್ಲಿಂದ ಮೂರು ವರ್ಷಕ್ಕೆ, ಹಾಸನದಲ್ಲಿ ನಡೆದ ಒಂದು ತರಬೇತಿಯಲ್ಲಿ. ಮಣ್ಣಿನ ವಿಷಯ ಪಾಠ ಮಾಡುತ್ತಿದ್ದ ಹಿರಿಯರು ಮಾತಿನ ನಡುವೆ, "ಚೀಲಗಳನ್ನು ಅಗಸರಿಗೆ ಕೊಡಬೇಡ್ರಪ್ಪ. ಚೌಳಲ್ಲಿ ಒಗೆದುಕೊಡುತ್ತಾರೆ. ಒದ್ದೆ ಮಣ್ಣು ತುಂಬಿಟ್ಟರೆ ಚೀಲದ ಕ್ಷಾರವೆಲ್ಲ ಮಣ್ಣಿಗಿಳಿಯುತ್ತೆ. ಆಮೇಲೆ ನಾವು ಪರೀಕ್ಷೆ ಮಾಡೋದು ಮಣ್ಣನ್ನಲ್ಲ, ಚೀಲವನ್ನ" ಎಂದರು. ಎಲ್ಲರೂ ನಕ್ಕರು. ನನಗೆ ಅಜ್ಜಿ ಹಾಕಿದ ಎರಡೆರಡು ಉಬ್ಬೆ ನೆನಪಾಯಿತು.

ಆ ಭಾನುವಾರವೇ ಬಸ್ಸು ಹಿಡಿದೆ. ಕೋಡಿಯಾಚೆ ಹೋಗಿ ನೋಡಿದರೆ ಜಮೀನೇ ಇರಲಿಲ್ಲ. ಹೇಗೂ ಕೆಲಸಕ್ಕೆ ಬಾರದ ನೆಲವೆಂದು ರಸ್ತೆ ಏರಿಸಲು ಅಲ್ಲಿಂದ ಮಣ್ಣು ಹೊತ್ತಿದ್ದರು. ಆಳೆತ್ತರದ ಗುಂಡಿಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಆ ನೆಲ ಬತ್ತ ಬೆಳೆಯುತ್ತಿತ್ತೋ ಇಲ್ಲವೋ, ಇನ್ನು ಯಾರೂ ತೋರಿಸುವಂತಿರಲಿಲ್ಲ.

ಅಜ್ಜಿ ಹಿತ್ತಿಲ ಬಿಸಿಲಿನಲ್ಲಿ ಕೂತಿದ್ದಳು, ಬಹಳ ಇಳಿದುಹೋಗಿದ್ದಳು. ನಾನು ಅವಳ ಕಾಲ ಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಿನ್ನ ನಾಲಿಗೆ ಸುಳ್ಳು ಹೇಳಿರಲಿಲ್ಲ ಅಜ್ಜಿ, ಮಣ್ಣು ಸಿಹಿಯೇ ಇತ್ತು, ಚೌಳು ಇದ್ದದ್ದು ಚೀಲದಲ್ಲಿ, ಒದ್ದೆ ಮಣ್ಣು ತುಂಬಿ ಮೂಲೆಗೆಸೆದವನು ನಾನು, ತಪ್ಪು ನನ್ನದು ಎಂದೆ. ಅವಳ ನಾಲಿಗೆಯನ್ನು ಅವಳಿಗೆ ಹಿಂದಿರುಗಿಸಲು ಬಂದಿದ್ದೇನೆ ಎಂದೇ ನಾನು ತಿಳಿದಿದ್ದೆ. ಅವಳು ಅಗಿಯುತ್ತಿದ್ದುದನ್ನು ನಿಲ್ಲಿಸಿದಳು.

"ಅಂಗಾರೆ ಚೀಲ ಒಗ್ದು ನಾನೇ ಕೆಡಿಸ್ಬುಟ್ಟೆ ಅನ್ನಿ."

"ಇಲ್ಲ ಅಜ್ಜಿ, ನಾನು—"

"ಒಂದೇ ಉಬ್ಬೆ ಸಾಕಾಗಿತ್ತು. ಆಸೆಗೆ ಬಿದ್ದು ಎಲ್ಡು ಆಕ್ದೆ." ನನ್ನ ಮಾತು ಅವಳ ಕಿವಿಗೆ ಹೋಗಲೇ ಇಲ್ಲ. ನನ್ನ ಕೈಹಿಡಿದುಕೊಂಡಳು. ಅದುವರೆಗೆ ಒಂದು ದಿನವೂ ಅವಳು ನನ್ನನ್ನು ಮುಟ್ಟಿರಲಿಲ್ಲ. "ನಮ್ಮೋರ್ಗೆ ಏಳ್ಬ್ಯಾಡಿ ನನ್ನಪ್ಪ. ನಾಲ್ಗೆ ಕೆಟ್ಟಿತ್ತು ಅಂತ್ಲೇ ಇರ್ಲಿ. ವಯಸ್ಸಾದ್ರೆ ಯಾರ್ ನಾಲ್ಗೆ ಆದ್ರೂ ಕೆಡ್ತದೆ. ನಾಕು ಮನೆ ಅನ್ನ ನನ್ ಕೈಯಿಂದ ಓಯ್ತು ಅಂದ್ರೆ ನನ್ ಎಣ ಎತ್ತಾಕೂ ಯಾರೂ ಬರಾಕಿಲ್ಲ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ನಾಲ್ಕು ಮನೆಯ ಹಿರಿಯರು ಯಾರೂ ಈಗ ಉಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆ ವರ್ಷದ ಮಳೆ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡಳು. ಸುದ್ದಿ ಸಿಕ್ಕಿ ನಾನು ಹೋದಾಗ ಚಟ್ಟ ಕಟ್ಟುತ್ತಿದ್ದರು. ನಾಲ್ಕು ಮನೆಯ ಗಂಡಸರೂ ಬಂದಿದ್ದರು. ಹೆಗಲು ಕೊಡಲು ನಾನು ಮುಂದಾದರೆ, ಬೇಡ ಸಾ, ನಾವಿದೀವಿ ಎಂದರು. ಹೂಳಿ ಹಿಂದಿರುಗುವಾಗ ಅವಳ ಮೈದುನನ ಮಗ ನನ್ನ ಪಕ್ಕದಲ್ಲಿ ಬರುತ್ತಿದ್ದ. ಜಮೀನಿಗೆ ಅರ್ಜಿ ಹಾಕಿದ್ದವರಲ್ಲಿ ಅವನೂ ಒಬ್ಬ. ಅಜ್ಜಿಯ ಮೇಲೆ ಅವನಿಗೆ ಯಾವ ಸಿಟ್ಟೂ ಉಳಿದಿರಲಿಲ್ಲ, ಅತ್ತು ಅತ್ತು ಕಣ್ಣು ಊದಿದ್ದವು.

"ಎಂಥಾ ನಾಲ್ಗೆ ಸಾ ಅದು. ಪಾಪ, ಕೊನೇಗಾಲ್ದಲ್ಲಿ ಕೆಟ್ಟೋಗಿತ್ತು, ಅಲ್ವಾ ಸಾ?"

ಅವನು ಉತ್ತರಕ್ಕೆ ಕಾಯುತ್ತಿದ್ದ. ನಾನು ಹೂಂ ಎಂದೆ.